ಎರಡನೇ ಸಲ ನಡುಗಿದ ಮೇಲೆ

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕೇ ನಿಮಿಷ ಬಾಕಿ. ಶಾಲೆಗಳಿಗೆ ರಜೆ, ಹಳ್ಳಿ ಜನ ಬಹುಪಾಲು ಹೊರಗಿದ್ದರು. ಇಲ್ಲದಿದ್ದರೆ ಸತ್ತವರ ಲೆಕ್ಕ 9,000ದ ಆಸುಪಾಸಿನಲ್ಲಿ ನಿಲ್ಲುತ್ತಿರಲಿಲ್ಲ. ಸಿಂಧುಪಾಲ್‌ಚೋಕ್, ದೋಲಖಾ ಕಡೆಯ ಗುಡ್ಡದ ಊರುಗಳಲ್ಲಿ ಧೈರ್ಯ ಪೂರ್ತಿ ಕುಸಿದದ್ದು ಮಾತ್ರ 17 ದಿನ ಬಿಟ್ಟು, ಮೇ 12ರ ಮಂಗಳವಾರ.

ಅಷ್ಟರಲ್ಲಿ ಹದಿಮೂರನೇ ದಿನದ ಕ್ರಿಯೆಗಳು ಮುಗಿದಿದ್ದವು. ಮಳೆಗೆ ತಿಂಗಳಷ್ಟೇ ಉಳಿದಿತ್ತು. ಬಿತ್ತನೆ ಬೀಜ ಹೂತುಹೋಗಿದ್ದರಿಂದ ಜನ ಬಿರುಕುಬಿಟ್ಟ ಮನೆಗಳೊಳಗೆ ಹೋಗಿಬಂದು ಮಾಡುತ್ತಿದ್ದರು. 12.50ಕ್ಕೆ ಮತ್ತೆ ನೆಲ ನಡುಗಿತು, 7.3.

ಅಲ್ಲಿನ ಗೋಡೆ ಅಂದರೆ ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಕಚ್ಚಿ ಹಿಡಿಯುವ ಅಡ್ಡಗಲ್ಲು ಇಲ್ಲದಿದ್ದರೆ ಮೊದಲ ಕಂಪನಕ್ಕೆ ಗೋಡೆ ಉಬ್ಬುತ್ತದೆ, ಮುಂದಿನದಕ್ಕೆ ಹೊರಸಾಲು ಕಳಚಿಬೀಳುತ್ತದೆ. ಬಿರುಕು ಎಲ್ಲರ ಕಣ್ಣಿಗೂ ಬೀಳುತ್ತದೆ, ಉಬ್ಬು ಬೀಳುವುದಿಲ್ಲ.

ಆ ಮಂಗಳವಾರದ ನಂತರ 'ಇನ್ನು ದೊಡ್ಡದು ಬರಲ್ಲ' ಎಂದವರ ಮಾತಿಗೆ ಬೆಲೆಯೇ ಇರಲಿಲ್ಲ. ಅರ್ಧ ನೀರು ತುಂಬಿದ ಬಾಟಲಿ ಪಕ್ಕದಲ್ಲಿಟ್ಟುಕೊಂಡೇ ಮಲಗುವುದು. ನೆಲ ಅಲುಗಿತು ಅನ್ನಿಸಿದರೆ ಟಾರ್ಚ್ ಹಾಕಿ ನೀರು ನೋಡುವುದು. ನೀರು ಅಲ್ಲಾಡದೆ ನಿಂತಿರುತ್ತದೆ, ಎದೆ ಮಾತ್ರ ಢವಢವ. ಒಂದೆರಡು ಸಲ ನೋಡಿದರೆ ಸಮಾಧಾನ ಸಿಗುತ್ತದೆ, ಹತ್ತು ನಿಮಿಷಕ್ಕೊಮ್ಮೆ ನೋಡತೊಡಗಿದರೆ ಹೆದರಿಕೆಯೇ ಅಭ್ಯಾಸವಾಗುತ್ತದೆ.

ಆರೋಗ್ಯ ಚೌಕಿಗೆ, ಅಂದರೆ ಊರಿನ ಸಣ್ಣ ಸರ್ಕಾರಿ ಚಿಕಿತ್ಸಾ ಕೇಂದ್ರಕ್ಕೆ, ಬಂದವರು ಭಯದ ಮಾತೆತ್ತುವುದಿಲ್ಲ. ತಲೆನೋವು, ಹೊಟ್ಟೆಯುರಿ, ಎದೆ ಬಿಗಿತ ಅನ್ನುತ್ತಾರೆ. 'ಮನಸ್ಸು ಹೇಗಿದೆ' ಎಂದರೆ 'ಪರವಾಗಿಲ್ಲ' ಎಂಬ ಉತ್ತರ. ನಿದ್ದೆ ಹೇಗೆ, ಅಡುಗೆ ಮಾಡಿದಿರಾ, ಹೊಲಕ್ಕೆ ಹೋದಿರಾ ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವುದು ಒಂದು ತಪ್ಪು. ಅದಕ್ಕಿಂತ ದೊಡ್ಡದು, ಎಲ್ಲರನ್ನೂ ಕೂರಿಸಿ ಆ ದಿನದ್ದನ್ನೆಲ್ಲ ಬಲವಂತವಾಗಿ ಹೇಳಿಸುವುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬೇಡ ಅನ್ನುತ್ತದೆ. ಮೊದಲ ತಿಂಗಳಲ್ಲಿ ನಿದ್ದೆಗೆಂದು ಬೆಂಜೊಡಯಾಜೆಪೀನ್ ಎಂಬ ಮಂಪರು ತರಿಸುವ ಗುಂಪಿನ ಮಾತ್ರೆಯೂ ಬೇಡ.

ಗಂಡಸರಲ್ಲಿ ಬಹಳಷ್ಟು ಮಂದಿ ಗಲ್ಫ್‌ನಲ್ಲಿ, ಮಲೇಷ್ಯಾದಲ್ಲಿ. ಕಲ್ಲು ಎತ್ತಿ ಹಾಕಿದ್ದು ಹೆಂಗಸರು, ಮುದುಕರು. ಶೌಚಾಲಯ ಬಿದ್ದ ಕಡೆ ಹೆಂಗಸರು ಕತ್ತಲಾದ ಮೇಲೆ ಹೊರಗೆ ಹೋಗಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ, ಉರಿಮೂತ್ರ ಹಿಡಿಯುತ್ತದೆ. ಟಾರ್ಪಾಲಿನ ಜೊತೆಗೇ ಒಂದು ಗುಂಡಿ, ನಾಲ್ಕು ಗಳ, ಒಂದು ಪರದೆ ಕೊಟ್ಟರೆ ಆಪ್ತಸಮಾಲೋಚನೆಯ ಅರ್ಧ ಕೆಲಸ ಮುಗಿದ ಹಾಗೆಯೇ.

ಊರಿನೊಳಗೆ ಒಡಕು ತಂದದ್ದು ಹಣ. ಮನೆ ಕಟ್ಟಲು ಸರ್ಕಾರದ 3 ಲಕ್ಷ ನೇಪಾಳಿ ರೂಪಾಯಿ ಮೂರು ಕಂತಿನಲ್ಲಿ ಬರುತ್ತಿತ್ತು: 50,000, ಪಾಯ ಮುಗಿದ ಮೇಲೆ ಒಂದೂವರೆ ಲಕ್ಷ, ಕೊನೆಗೆ 1 ಲಕ್ಷ. ಜಮೀನಿನ ಕಾಗದ ಇಲ್ಲದವರಿಗೆ, ಗಂಡ ವಿದೇಶದಲ್ಲಿದ್ದು ಕಾಗದ ಮಾವನ ಹೆಸರಿನಲ್ಲಿದ್ದ ಸೊಸೆಯರಿಗೆ, ಮೊದಲ ಕಂತಿನ ಒಪ್ಪಂದಕ್ಕೆ ಸಹಿ ಹಾಕುವುದೇ ತೊಡಕಾಯಿತು.