ಗುಂಪಿನಲ್ಲಿ ಹೋದರೆ ನೀವು ಹಿಂದೆ ಬೀಳುವುದಿಲ್ಲವೇ?

ಭಾನುವಾರಗಳಂದು ಹತ್ತು ಹನ್ನೆರಡು ಜನರ ಜೊತೆ ಕೇಂಬ್ರಿಜ್ ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆಂದು ಗೊತ್ತಾದವರೆಲ್ಲ, ಊರಿನ ಬಂಧುಗಳಾಗಲಿ ಇಲ್ಲಿನ ಕನ್ನಡದ ಗೆಳೆಯರಾಗಲಿ, ಕೇಳುವುದು ಒಂದೇ ಪ್ರಶ್ನೆ: “ಐವತ್ತು ದಾಟಿದ ಮೇಲೆ ಅವರ ಸಮಕ್ಕೆ ಹೇಗೆ ತುಳಿಯುತ್ತೀರಿ? ಹಿಂದೆ ಬಿದ್ದರೆ ಗತಿಯೇನು?” ಹಿಂದೆ ಬೀಳುತ್ತೇನೆ, ಪ್ರತಿ ಸಲವೂ ಬೀಳುತ್ತೇನೆ ಎಂಬುದೇ ನನ್ನ ಉತ್ತರ. ಆದರೆ ಹಾಗೆ ಹಿಂದೆ ಬೀಳುವವನು ನಾನೊಬ್ಬನೇ ಅಲ್ಲ. ಕಳೆದ ಜೂನ್ ತಿಂಗಳಲ್ಲಿ ಈಲಿ ಪಟ್ಟಣಕ್ಕೆ ಹೋಗಿಬಂದ ದಿನವನ್ನು ಮುಂದಿಟ್ಟುಕೊಂಡರೆ ಅದನ್ನು ವಿವರಿಸುವುದು ಸುಲಭವಾಗುತ್ತದೆ.

ನಮ್ಮ ದಾರಿ ಬಾಟಿಶಮ್ ಎಂಬ ಹಳ್ಳಿ ದಾಟಿ, ರಾಷ್ಟ್ರೀಯ ಸೈಕಲ್ ಜಾಲದ 11ನೆಯ ದಾರಿಯನ್ನು ಹಿಡಿದು, ಫೆನ್ಸ್ ಎಂಬ ಹಳೆಯ ಜವುಗು ನಾಡಿನ ನಡುವೆ ಸಾಗುತ್ತದೆ. 17ನೆಯ ಶತಮಾನದಲ್ಲಿ ಕಾರ್ನೀಲಿಯಸ್ ವರ್ಮೈಡನ್ ಎಂಬ ಡಚ್ ಎಂಜಿನಿಯರನ ಮುಂದಾಳತ್ವದಲ್ಲಿ ಇಲ್ಲಿನ ನೀರನ್ನು ದೊಡ್ಡ ಪ್ರಮಾಣದಲ್ಲಿ ಬಸಿದು ಹೊಲ ಮಾಡಿದರು. ನೀರು ಹೋದಂತೆ ಪೀಟ್ ಎಂಬ ಕರಿಮಣ್ಣು ಒಣಗಿ ಕುಗ್ಗುತ್ತಾ ಬಂದು, ಲೋಡ್ ಎಂದು ಕರೆಯುವ ಹಳೆಯ ಕಾಲುವೆಗಳ ನೀರು ಈಗ ಅಕ್ಕಪಕ್ಕದ ಹೊಲಗಳಿಗಿಂತ ಎತ್ತರದಲ್ಲಿ ನಿಂತಿದೆ. ಕೆಳಗಿನ ದಾರಿಯಲ್ಲಿ ಹೋಗುವಾಗ ಏರಿಯ ಆಚೆ ದೋಣಿಯ ಮೇಲ್ಭಾಗ ಮಾತ್ರ ನಮ್ಮ ತಲೆಗಿಂತ ಮೇಲೆ ತೇಲಿಹೋಗುವುದನ್ನು ನೋಡಿ ನಾನು ಮೊದಲ ಸಲ ಸೈಕಲ್ ನಿಲ್ಲಿಸಿಬಿಟ್ಟಿದ್ದೆ.

ಇಷ್ಟು ಸಮತಟ್ಟಾದ ನೆಲದಲ್ಲಿ ಸೈಕಲ್ ತುಳಿಯುವುದೇನು ಮಹಾ ಎನ್ನುವವರೂ ಇದ್ದಾರೆ. ಏರಿಲ್ಲ, ನಿಜ, ಆದರೆ ಗಾಳಿಗೆ ತಡೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ, ಈಲಿ ಇರುವುದು ಕೇಂಬ್ರಿಜ್‌ನ ಈಶಾನ್ಯ ದಿಕ್ಕಿಗೆ. ಹಾಗಾಗಿ ಹೋಗುವಾಗ ಗಾಳಿ ಬೆನ್ನು ತಳ್ಳುತ್ತದೆ, ನಾವೆಲ್ಲ ನಮ್ಮ ಕಾಲಿನ ಬಲವೇ ಹೆಚ್ಚಿತೆಂದು ಹಿಗ್ಗುತ್ತೇವೆ. ಲೆಕ್ಕ ತೀರಿಸುವುದು ಮರಳುವಾಗ.

ಈಗ ಮುಖ್ಯ ವಿಷಯ. ನಮ್ಮ ಗುಂಪಿನಲ್ಲಿ ದಾರಿ ಬಲ್ಲ ಒಬ್ಬರು ಮುಂದಿರುತ್ತಾರೆ, ಪಂಕ್ಚರ್ ಸಾಮಾನುಗಳ ಚೀಲ ಹೊತ್ತ ಇನ್ನೊಬ್ಬರು ಕಡೆಯಲ್ಲಿರುತ್ತಾರೆ. ಇವರಿಬ್ಬರ ಜಾಗ ಬದಲಾಗುವುದಿಲ್ಲ. ತಿರುವು ಬಂದಾಗ ಮುಂದಾಳಿನ ಬೆನ್ನಿಗೇ ಇರುವವರು ಅಲ್ಲಿ ಇಳಿದು ನಿಂತು, ಬರುವವರಿಗೆಲ್ಲ ಕೈತೋರಿಸಿ, ಕಡೆಯವರು ಕಾಣಿಸಿಕೊಂಡ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿನಲ್ಲಿ ಮತ್ತೊಬ್ಬರು. ಹೀಗೆ ಇಪ್ಪತ್ತು ಚಿಲ್ಲರೆ ಮೈಲಿ ಸಾಗುವಷ್ಟರಲ್ಲಿ ಗುಂಪಿನ ಗಟ್ಟಿ ಕಾಲಿನವರೂ ಒಂದೆರಡು ಸಲ ಬಾಲಕ್ಕೆ ಬಂದು ನನ್ನ ಪಕ್ಕದಲ್ಲಿ ಮಾತನಾಡುತ್ತಾ ತುಳಿಯುತ್ತಿರುತ್ತಾರೆ. ಕಿರಿದಾದ ಹಳ್ಳಿ ರಸ್ತೆಗಳಲ್ಲಿ ಹಿಂದಿನಿಂದ “ಕಾರ್ ಬ್ಯಾಕ್” ಎಂಬ ಕೂಗು ಎದ್ದರೆ ಅದನ್ನು ಒಬ್ಬರಿಂದೊಬ್ಬರು ಮುಂದಕ್ಕೆ ದಾಟಿಸಬೇಕು, ಎದುರಿನಿಂದ ವಾಹನ ಬಂದರೆ “ಕಾರ್ ಅಪ್” ಎಂದು ಹಿಂದಕ್ಕೆ. ಮೊದಲ ವಾರ ನಾನು ಎರಡನ್ನೂ ಅದಲುಬದಲು ಮಾಡಿ ಎಲ್ಲರನ್ನೂ ಬೇಲಿಗೆ ಒತ್ತಿಸಿದ್ದುಂಟು.

ಬರ್ವೆಲ್ ಲೋಡ್ ಮೇಲಿನ ಕಾಲುಸೇತುವೆಯ ಕಡಿದಾದ ಮೆಟ್ಟಿಲುಗಳ ಬಳಿ ಮುಂದೆ ಹಿಂದೆ ಎಂಬುದು ಇನ್ನೂ ಕಲಸಿಹೋಗುತ್ತದೆ. ಆ ದಿನ ಮೇಲೆ ನಿಂತವರು ಹ್ಯಾಂಡಲ್ ಹಿಡಿದು ಎಳೆದರು, ಕೆಳಗಿನವರು ಸೀಟಿಗೆ ಹೆಗಲು ಕೊಟ್ಟು ನೂಕಿದರು. ನನ್ನ ಸೈಕಲ್ಲಿನ ಪೆಡಲು ಯಾರದೋ ಮೊಣಕಾಲಿಗೆ ಗ್ರೀಸಿನ ಗೆರೆ ಎಳೆಯಿತು. ಅಲ್ಲಿಂದ ಸ್ವಲ್ಪ ದೂರದಲ್ಲೇ ವಿಕನ್ ಫೆನ್, ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ 1899ರಿಂದ ಕಾಪಾಡಿಕೊಂಡು ಬಂದಿರುವ ಜವುಗು. ಚಹಾ, ಕೇಕು, ಮತ್ತೆ ಚಹಾ.

ಈಲಿಯ ಕ್ಯಾಥೆಡ್ರಲ್ ಬಹಳ ದೂರದಿಂದಲೇ ಕಾಣತೊಡಗುತ್ತದೆ. ಬಯಲಿನಲ್ಲಿ ತೇಲುವಂತಿರುವ ಅದನ್ನು ಜನ ‘ಫೆನ್ಸ್‌ನ ಹಡಗು’ ಎನ್ನುತ್ತಾರೆ. ಅದರ ನಡುಗೋಪುರ 1322ರಲ್ಲಿ ಕುಸಿದ ಜಾಗದಲ್ಲೇ ಈಗಿನ ಎಂಟು ಮೂಲೆಯ ಗೋಪುರವನ್ನು ಕಟ್ಟಿದರು. ಎಷ್ಟು ತುಳಿದರೂ ಹತ್ತಿರವಾಗದೆ ಸತಾಯಿಸುವ ಆ ಗೋಪುರವೇ, ನನ್ನ ಮಟ್ಟಿಗೆ, ಈ ದಾರಿಯ ಅತಿ ಕಷ್ಟದ ಏರು.

ಊಟವಾದ ಮೇಲೆ ಐವರು ರೈಲು ಹತ್ತಿದರು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನಾನೂ ಎಷ್ಟೋ ಸಲ ಹತ್ತಿದ್ದೇನೆ. ಉಳಿದ ಏಳು ಜನ ಎದುರುಗಾಳಿಗೆ ಮುಖ ಕೊಟ್ಟು ಒಬ್ಬರ ಹಿಂದೊಬ್ಬರು ಸಾಲಾದೆವು. ಮುಂದಿನವರ ಹಿಂದಿನ ಚಕ್ರಕ್ಕೆ ಒಂದು ಮಾರು ದೂರದಲ್ಲಿದ್ದರೆ ಗಾಳಿಯ ಹೊಡೆತ ಎಷ್ಟು ತಗ್ಗುತ್ತದೆಂಬುದು ಸಾಲಿನಿಂದ ಒಂದು ಕ್ಷಣ ಪಕ್ಕಕ್ಕೆ ಸರಿದರೆ ತಿಳಿದುಬಿಡುತ್ತದೆ. ತೊಡೆಗಳೇ ಲೆಕ್ಕ ಹೇಳುತ್ತವೆ. ಗಾಳಿ ಒಡೆಯುವ ಸರದಿ ಉಳಿದವರಿಗೆ ಒಂದೊಂದು ಮೈಲಿ, ನನಗೆ ಒಂದು ಹೊಲದ ಗೇಟಿನಿಂದ ಮುಂದಿನ ಗೇಟಿನವರೆಗೆ. ಅಷ್ಟಕ್ಕೇ ಹಿಂದಿನಿಂದ “ಈಸಿ” ಎಂಬ ಕೂಗು ಬಂತು. ಅಂದರೆ, ಅಷ್ಟು ಜೋರು ಬೇಡ, ಸಾಲು ತುಂಡಾಗುತ್ತಿದೆ ಎಂದು. ನನಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು.

ಬಾಟಿಶಮ್ ಹತ್ತಿರದ ತಿರುವಿನಲ್ಲಿ ಕೈತೋರಿಸುವ ಪಾಳಿ ನನಗೇ ಬಂತು. ಸಂಜೆ ಏಳು ದಾಟಿದ್ದರೂ ಬಿಸಿಲು ಇನ್ನೂ ಗೋಧಿಯ ಮೇಲಿತ್ತು. ಐವರು ಬಂದರು, ತಿರುಗಿದರು, ಹೋದರು. ಪಂಕ್ಚರ್ ಚೀಲ ಹೊತ್ತವರು ಮಾತ್ರ ಇನ್ನೂ ದೂರದಲ್ಲಿ, ಬೇಲಿಯ ಸಾಲಿನಲ್ಲಿ ಒಂದು ಹಳದಿ ಚುಕ್ಕೆಯಾಗಿ ಕಾಣುತ್ತಿದ್ದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ.