ಗುಂಡನ ಹಿಂಗಾಲು ಪಾಸು, ಮುಂಗಾಲು ನಪಾಸು

ನನ್ನ ಜಂಪಿಂಗ್ ಕುದುರೆ ಗುಂಡನ ಎಡ ಹಿಂಗಾಲಿನ ಹಾಕ್ (ಹಿಂಗಾಲಿನ ನಡುವಿನ ಕೀಲು) ಕೊನೆಗೂ ಬೆಸೆದುಕೊಂಡಿದೆ. ಎಕ್ಸ್‌ರೇಯಲ್ಲಿ ಕೆಳಗಿನ ಎರಡು ಸಂದುಗಳ ಗೆರೆ ಮಾಯ. ಸ್ಪಾವಿನ್ (ಹಾಕ್ ಸಂದುಗಳ ಸವೆತದ ಕಾಯಿಲೆ) ಜೊತೆ ಏಗಿದವರಿಗೆ ಇದು ಹಬ್ಬದ ಸುದ್ದಿ: ಹೆಚ್ಚು ಅಲುಗಾಡದ ಆ ಸಂದುಗಳು ಒಂದಾದರೆ ನೋವು ತಗ್ಗಿ ಕುದುರೆ ಕೆಲಸಕ್ಕೆ ಮರಳಬಲ್ಲದು. ಕಾಲು ಮಡಚಿ ಹಿಡಿದು, ಬಿಟ್ಟು ಓಡಿಸಿ ನೋಡುವ ಫ್ಲೆಕ್ಷನ್ ಪರೀಕ್ಷೆಯಲ್ಲೂ ಹಿಂಗಾಲು ಕುಂಟಲಿಲ್ಲ. ಆದರೆ ಹದ ವೇಗದ ಓಟವಾದ ಟ್ರಾಟ್‌ನಲ್ಲಿ ತಲೆ ಎಗರಿಸುವುದು ಮಾತ್ರ ನಿಲ್ಲಲಿಲ್ಲ.

ಆ ತಲೆ ನನ್ನ ತಲೆ ತಿಂದಿದೆ. ಎಡ ಮುಂಗಾಲು ಊರಿದಾಗಲೆಲ್ಲ ಅದು ಮೇಲೇಳುತ್ತಿತ್ತು. ಇದನ್ನು ಹಿಂಗಾಲಿನ ಖಾತೆಗೇ ಬರೆದಿದ್ದೆವು, ಕಾರಣವೂ ಇತ್ತು. ಟ್ರಾಟ್‌ನಲ್ಲಿ ಎಡ ಹಿಂಗಾಲು ಬಲ ಮುಂಗಾಲಿನೊಡನೆ ಇಳಿಯುತ್ತದೆ. ಹಿಂದೆ ನೋವಿರುವ ಕುದುರೆ ಆಗ ತಲೆ ತಗ್ಗಿಸಿ ಭಾರವನ್ನು ಮುಂದಕ್ಕೆ ಹಾಕುತ್ತದೆ. ಮುಂದಿನ ಹೆಜ್ಜೆಗೆ ತಲೆ ಎದ್ದಾಗ ಎಡ ಮುಂಗಾಲೇ ಕುಂಟಿದಂತೆ ಕಾಣುತ್ತದೆ. ಹಿಂಗಾಲು ವಾಸಿಯಾದ ಮೇಲೂ ತಲೆಯಾಟ ಉಳಿದದ್ದರಿಂದ ವೈದ್ಯರು ಎಡ ಮುಂಗಾಲಿನ ಕಾಫಿನ್ ಕೀಲಿಗೆ (ಗೊರಸಿನೊಳಗಿನ ಕೀಲು) ಬ್ಲಾಕ್, ಅಂದರೆ ಮರಗಟ್ಟಿಸುವ ಚುಚ್ಚುಮದ್ದು, ಕೊಟ್ಟರು. ಕೆಲವೇ ನಿಮಿಷಗಳಲ್ಲಿ ತಲೆ ಸ್ಥಿರ: ನೋವು ಮುಂಗಾಲಿನದೇ. ಈ ಬ್ಲಾಕ್ ಪಕ್ಕದ ನ್ಯಾವಿಕ್ಯುಲರ್ (ಗೊರಸಿನೊಳಗಿನ ಸಣ್ಣ ಮೂಳೆ) ಭಾಗವನ್ನೂ ಮರಗಟ್ಟಿಸಬಲ್ಲದು ಎಂದು, ನೋವಿನ ಜಾಗ ತಿಳಿಯಲು ಎಕ್ಸ್‌ರೇ ತೆಗೆಸಿದೆವು. ಕೀಲಿನ ಮುಂಭಾಗದಲ್ಲಿ ಮೂಳೆಯ ಮುಳ್ಳು ಎದ್ದಿದೆ, ಕೀಲು ಸವೆದ ಗುರುತು.

ಇದು ಬೆಸೆದುಕೊಳ್ಳಲೆಂದು ಕಾಯಬಹುದಾದ ಕೀಲಲ್ಲ. ಹೆಜ್ಜೆ ಹೆಜ್ಜೆಗೂ ಮಡಚುವಂಥದ್ದು. ಹಾರಿ ಇಳಿಯುವಾಗಿನ ಪೆಟ್ಟೂ ಮುಂಗಾಲಿಗೇ. ಕೀಲಿಗೆ ಟ್ರಯಾಮ್ಸಿನೊಲೋನ್ (ಉರಿಯೂತ ತಗ್ಗಿಸುವ ಸ್ಟಿರಾಯ್ಡ್) ಚುಚ್ಚಿಸಿದರೆ ಕೆಲವು ತಿಂಗಳು ನೆಟ್ಟಗೆ ಓಡಿಯಾನು, 1.10 ಮೀಟರ್ ಹಾರಿಯಾನು. ‘ಈ ಸೀಸನ್ ಒಂದು ಮುಗಿಸಿಬಿಡಿ’ ಎನ್ನುವ ಗೆಳೆಯರಿದ್ದಾರೆ. ಔಷಧ ನೋವನ್ನು ತಗ್ಗಿಸುತ್ತದೆ, ಸವೆದದ್ದನ್ನು ತುಂಬಿಕೊಡುವುದಿಲ್ಲ. ಚುಚ್ಚಿಸುತ್ತೇನೆ, ಬಯಲಿನಲ್ಲಿ ಅವನು ಸುಖವಾಗಿ ಅಡ್ಡಾಡಲಿ ಎಂದು. ಸ್ಪರ್ಧೆ ಮುಗಿಯಿತು. ಎರಡನೇ ವಯಸ್ಸಿನಿಂದಲೇ ರೇಸ್ ಓಡಿ ಬಂದ ಥರೋಬ್ರೆಡ್ ಇವನು. ಬಹುಮಾನದ ಕಪ್‌ಗಳ ಸಾಲ ಇವನ ಮೇಲೇನೂ ಬಾಕಿಯಿಲ್ಲ.

ಹಾಗೆಂದು ಲಾಯದಲ್ಲಿ ನಿಲ್ಲಿಸಿಡುವುದಿಲ್ಲ, ನಿಂತರೆ ಕೀಲು ಇನ್ನೂ ಬಿಗಿಯುತ್ತದೆ. ಹಗಲೆಲ್ಲ ಬಯಲು, ಮೆತ್ತನೆಯ ದಾರಿಯಲ್ಲಿ ನಡಿಗೆ, ತೂಕ ಏರದಂತೆ ಹುರುಳಿಗೆ ಕಡಿವಾಣ. ಕೀಲಿಗೆ ರಾಮಬಾಣವೆಂದು ಒಬ್ಬರು ಮಾರಿದ ಪುಡಿಯೂ ಬಂದ್: ಡಬ್ಬಿಯ ಮೇಲೆ ಗ್ಲುಕೋಸಮೈನ್ (ಕೀಲಿಗೆಂದು ಕೊಡುವ ಪೂರಕ) ಎಷ್ಟೆಂದು ಬರೆದಿಲ್ಲ, ಕೇಳಿದರೆ ‘ಬೇಕಾದಷ್ಟಿದೆ ಸಾರ್’ ಎನ್ನುತ್ತಾರೆ.

ಮರಳಿನವರು ಇನ್ನೊಂದು ಕೈ ಮೇಲು. ಕುದುರೆ ಸವಾರಿಯ ಅಖಾಡಕ್ಕೆ ತೊಳೆದ ಮರಳು ಕೇಳಿದರೆ ಜಲ್ಲಿಪುಡಿ ತುಂಬಿದ ಎಂ-ಸ್ಯಾಂಡ್ ಸುರಿದು ಹೋದರು. ಒಂದು ಮಳೆಗೆ ಅದು ಗಾರೆಯಂತೆ ಗಟ್ಟಿಯಾಯಿತು. ಮುಂದಿನ ಕೆಲಸ ಅದೇ: ನುಣುಪು ಮರಳಿಗೆ ಗಾರ್ಮೆಂಟ್ ಕಾರ್ಖಾನೆಯ ಪಾಲಿಯೆಸ್ಟರ್ ಚಿಂದಿ ಬೆರೆಸಿ ನೋಡಬೇಕು. ಹತ್ತಿ ಬೇಡ, ಕೊಳೆಯುತ್ತದೆ. ಚಿಂದಿಯನ್ನು ಸಣ್ಣಗೆ ಕತ್ತರಿಸುವ ಯಂತ್ರ ಯಾರ ಬಳಿಯಾದರೂ ಇದೆಯೇ?

ಅದಕ್ಕೂ ಮೊದಲು ಗುಂಡನ ಮುಂಗಾಲುಗಳಿಗೆ ತುದಿ ದುಂಡಾಗಿಸಿದ ಲಾಳ ಹಾಕಿಸಬೇಕು, ಗೊರಸು ಬೇಗ ಹೊರಳಿದರೆ ಕೀಲಿಗೆ ಶ್ರಮ ಕಡಿಮೆ. ‘ಹಾರದ ಕುದುರೆಗೆ ಇಷ್ಟು ಖರ್ಚೇ?’ ಎಂದು ಲಾಳ ಕಟ್ಟುವವರು ಕೇಳಿದರು. ಕೇಳಿದ್ದಕ್ಕೆ ದರವನ್ನೇನೂ ಇಳಿಸಲಿಲ್ಲ.