ಅಸ್ಥಿಪಂಜರ ಯಾವ ವಾದ್ಯಕ್ಕೆ ಕುಣಿಯುತ್ತದೆ?

ಮಂಗಳೂರಿನ ಕಾಲೇಜೊಂದರಲ್ಲಿ ಸ್ನಾತಕೋತ್ತರ ಮಾಧ್ಯಮ ವಿದ್ಯಾರ್ಥಿಗಳಿಗೆ ನಾನು ದೃಶ್ಯ ವಿಶ್ಲೇಷಣೆಯನ್ನು ಕಲಿಸುತ್ತೇನೆ. ಕಥೆಯಿರುವ, ಗಾಯಕರ ಮುಖ ಕಾಣುವ ಮ್ಯೂಸಿಕ್ ವೀಡಿಯೊವನ್ನು ಅವರು ಸಲೀಸಾಗಿ ಬಿಡಿಸಿ ಹೇಳುತ್ತಾರೆ, ಬಣ್ಣ, ಆಕಾರ, ಚಲನೆಗಳನ್ನೇ ನೆಚ್ಚಿಕೊಂಡ ಅಮೂರ್ತ ವೀಡಿಯೊವನ್ನು ಹಾಕಿದರೆ ಮಾತ್ರ "ಮೇಡಂ, ಇದರ ಅರ್ಥ ಏನು?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಆ ಪ್ರಶ್ನೆಯನ್ನು ನಾನು ಅವಧಿಯ ಕೊನೆಗೆ ತಳ್ಳುತ್ತೇನೆ. ತೆರೆಯ ಮೇಲಿನ ವಸ್ತು ಹಾಡಿನ ಯಾವ ಸದ್ದಿಗೆ ಅಂಟಿಕೊಂಡಿದೆ ಎಂಬುದನ್ನು ಮೊದಲು ಗುರುತಿಸದೆ ಸಂಕೇತದ ಮಾತಿಗೆ ಇಳಿದರೆ ನಮಗೆ ಉಳಿಯುವುದು ಊಹೆ ಮಾತ್ರ.

ಇದಕ್ಕೆ ನಾನು ಬಳಸುವ ಉದಾಹರಣೆ, ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತಗಾರರಾದ ಡಾಫ್ಟ್ ಪಂಕ್ ಜೋಡಿಯ 'ಅರೌಂಡ್ ದಿ ವರ್ಲ್ಡ್' ಹಾಡಿಗೆ ಮಿಶೆಲ್ ಗಾಂಡ್ರಿ 1997ರಲ್ಲಿ ನಿರ್ದೇಶಿಸಿದ ವೀಡಿಯೊ. ಅದರಲ್ಲಿ ಮನುಷ್ಯರೇ ಕುಣಿಯುವುದರಿಂದ ಅದನ್ನು ಪೂರ್ತಿ ಅಮೂರ್ತ ಎನ್ನಲಾಗದು, ಆದರೆ ಅದರ ಒಳಗಿನ ತರ್ಕ ಅಮೂರ್ತವೇ. ಗ್ರಾಮೊಫೋನ್ ತಟ್ಟೆಯನ್ನು ನೆನಪಿಸುವ ದುಂಡನೆಯ ವೇದಿಕೆಯ ಮೇಲೆ ಐದು ಗುಂಪುಗಳಿವೆ: ರೋಬೋಟ್‌ಗಳು ಯಾಂತ್ರಿಕಗೊಳಿಸಿದ ಗಾಯನಕ್ಕೆ, ಕ್ರೀಡಾಪಟುಗಳು ಬೇಸ್ ಗಿಟಾರಿಗೆ, ಈಜುಡುಗೆಯ ಹುಡುಗಿಯರು ಕೀಬೋರ್ಡಿಗೆ, ಅಸ್ಥಿಪಂಜರಗಳು ಗಿಟಾರಿಗೆ, ಬಟ್ಟೆ ಸುತ್ತಿದ ಈಜಿಪ್ಟಿನ ಮಮ್ಮಿಗಳು ಡ್ರಮ್ ಮೆಷಿನ್ನಿಗೆ ಹೆಜ್ಜೆ ಹಾಕುತ್ತವೆ. ಬೇಸಿನ ಸ್ವರ ಏರಿಳಿದಂತೆ ಕ್ರೀಡಾಪಟುಗಳು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಅಸ್ಥಿಪಂಜರ ಕಂಡೊಡನೆ ಸಾವು, ನಶ್ವರತೆ ಎಂದು ಬರೆದುಕೊಂಡ ವಿದ್ಯಾರ್ಥಿಗಳಿಗೆ, ಗಿಟಾರನ್ನಷ್ಟೇ ಕಿವಿಯಲ್ಲಿ ಹಿಡಿದುಕೊಂಡು ಇನ್ನೊಮ್ಮೆ ನೋಡಿ ಎನ್ನುತ್ತೇನೆ. ಆಮೇಲೂ ಸಾವಿನ ಓದನ್ನು ಸಮರ್ಥಿಸಿಕೊಳ್ಳುವವರಿದ್ದರೆ ನನ್ನ ಅಡ್ಡಿಯಿಲ್ಲ, ಆದರೆ ಅಂಥವರು ವಿರಳ.

ಸದ್ದಿಗೆ ಆಕಾರವನ್ನು ಅಂಟಿಸುವ ಈ ರೂಢಿ ಟೆಲಿವಿಷನ್ನಿನಿಂದ ಹುಟ್ಟಿದ್ದಲ್ಲ. ಮ್ಯೂಸಿಕ್ ವೀಡಿಯೊಗಳ ಚಾನೆಲ್ ಎಂಟಿವಿ ಶುರುವಾದದ್ದು 1981ರಲ್ಲಿ. ಅನಿಮೇಷನ್ ಕಲಾವಿದ ಆಸ್ಕರ್ ಫಿಶಿಂಗರ್ 1938ರಲ್ಲೇ ಸಂಗೀತ ಸಂಯೋಜಕ ಫ್ರಾಂಜ್ ಲಿಸ್ಟ್‌ನ ಸಂಗೀತಕ್ಕೆ ಕಾಗದದ ಆಕೃತಿಗಳನ್ನು ಫ್ರೇಮ್ ಫ್ರೇಮಾಗಿ ಚಲಿಸಿ ಕುಣಿಸಿದ್ದರು. ಅದಕ್ಕೂ ಮುಂಚೆ, 1935ರಲ್ಲಿ, ಇನ್ನೊಬ್ಬ ಕಲಾವಿದ ಲೆನ್ ಲೈ ಕ್ಯಾಮೆರಾವನ್ನೇ ಬಿಟ್ಟು ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿದು 'ಎ ಕಲರ್ ಬಾಕ್ಸ್' ಮಾಡಿದರು. ಅದು ಬ್ರಿಟಿಷ್ ಅಂಚೆ ಇಲಾಖೆಯ ಪಾರ್ಸೆಲ್ ದರದ ಜಾಹೀರಾತು ಎಂದು ತಿಳಿದಾಗ ತರಗತಿ ನಗುತ್ತದೆ, ಜಾಹೀರಾತು ಕಂಪನಿ ಸೇರಬಯಸುವವರು ಮಾತ್ರ ಗಂಭೀರರಾಗುತ್ತಾರೆ.

ನೋಡುವುದರಿಂದ ತಿಳಿಯದ್ದು ಮಾಡಿದಾಗ ತಿಳಿಯುತ್ತದೆ. ಹಾಗಾಗಿ ನವರಾತ್ರಿಯ ಪಿಲಿವೇಷದ (ಕರಾವಳಿಯ ಹುಲಿವೇಷ ಕುಣಿತದ) ತಾಸೆ ಎಂಬ ಚರ್ಮವಾದ್ಯದ ಧ್ವನಿಮುದ್ರಣವನ್ನು ಕೊಟ್ಟು, ಮುಖವಾಗಲಿ ಪೂರ್ತಿ ದೇಹವಾಗಲಿ ಕಾಣದ ವೀಡಿಯೊವೊಂದನ್ನು ಸಂಕಲಿಸಲು ಹೇಳುತ್ತೇನೆ. ಮೊದಲ ಕರಡಿನಲ್ಲಿ ಬಹುತೇಕರು ಪ್ರತಿ ಪೆಟ್ಟಿಗೂ ಒಂದು ಕಟ್ ಹಾಕುತ್ತಾರೆ. ನಿಮಿಷಕ್ಕೆ 120 ಪೆಟ್ಟಿನ ಸಾಧಾರಣ ಲಯದಲ್ಲೇ, ಸೆಕೆಂಡಿಗೆ 25 ಫ್ರೇಮಿನ ವೀಡಿಯೊದಲ್ಲಿ ಒಂದು ಪೆಟ್ಟಿಗೆ ಸಿಗುವುದು ಹನ್ನೆರಡೂವರೆ ಫ್ರೇಮು; ಅರ್ಧ ಫ್ರೇಮನ್ನು ಕತ್ತರಿಸಲಾಗದ ಕಾರಣ ಹನ್ನೆರಡು, ಹದಿಮೂರು ಎಂದು ಬದಲಾಯಿಸುತ್ತ ಹೋಗಬೇಕಾಗುತ್ತದೆ. ತಾಸೆಯೋ ಇದಕ್ಕಿಂತ ಎಷ್ಟೋ ದಟ್ಟ. ಎಲ್ಲ ಪೆಟ್ಟಿಗೂ ಚಿತ್ರ ಬದಲಾದಾಗ ಯಾವ ಬದಲಾವಣೆಯೂ ಮುಖ್ಯವಾಗಿ ಕಾಣುವುದಿಲ್ಲ. ತಾಸೆಯನ್ನು ಬಿಟ್ಟು ಡೋಲಿನ ಭಾರವಾದ ಪೆಟ್ಟುಗಳಿಗಷ್ಟೇ ಕಟ್ ಇಟ್ಟವರ ವೀಡಿಯೊದಲ್ಲಿ, ಅದೇ ಆಕಾರ ಮೂರನೆಯ ಸಲ ಮರಳಿ ಬರುವ ಹೊತ್ತಿಗೆ ನೋಡುವವರು ಅದಕ್ಕಾಗಿ ಕಾಯತೊಡಗಿರುತ್ತಾರೆ. ಅಮೂರ್ತ ವೀಡಿಯೊದಲ್ಲಿ ಸಂಕೇತವೊಂದು ತಯಾರಾಗುವುದು ಬಹುಮಟ್ಟಿಗೆ ಈ ಮರಳುವಿಕೆಯಿಂದಲೇ, ಹೊರಗಿನ ಯಾವುದೋ ಅರ್ಥಕೋಶದಿಂದಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಹೊರಗಿನ ಅರ್ಥ ಬಾಗಿಲ ಹೊರಗೇ ನಿಲ್ಲುವುದೂ ಇಲ್ಲ. ಮೈಗೆ ಬಳಿದ ಹಳದಿ-ಕಪ್ಪು ಪಟ್ಟೆಗಳನ್ನು ಅತಿ ಸಮೀಪದಿಂದ ಚಿತ್ರಿಸಿ, ಏನೆಂದು ಗುರುತೇ ಸಿಗದಷ್ಟು ಹಿಗ್ಗಿಸಿದ ಒಂದು ವೀಡಿಯೊವನ್ನು ಸದ್ದು ನಿಲ್ಲಿಸಿ ತೋರಿಸಿದೆವು. ಕರಾವಳಿಯವರಿಗೆ ಎರಡನೆಯ ಶಾಟಿಗೇ ಹುಲಿ ಕಂಡಿತು, ಬೆಂಗಳೂರಿನಿಂದ ಬಂದಿದ್ದ ವಿದ್ಯಾರ್ಥಿನಿಗೆ ಕಂಡದ್ದು ರಸ್ತೆಯುಬ್ಬಿಗೆ ಬಳಿದ ಬಣ್ಣ. ಸದ್ದು ಹಾಕಿದ ಮೇಲೆ ಆಕೆಯ ಓದು ಬದಲಾಯಿತಾದರೂ, ಎಚ್ಚರಿಕೆಯ ಭಾವವನ್ನು ಆಕೆ ಬಿಟ್ಟುಕೊಡಲಿಲ್ಲ. ನನಗೆ ಅದು ಹುಲಿ ಎನ್ನುವುದಕ್ಕಿಂತ ಚುರುಕಾದ ಓದಾಗಿ ಕಂಡಿತು.

ಈಗ ಉತ್ತರಪತ್ರಿಕೆಗೆ ನಾನು ವಿಧಿಸಿರುವ ನಿಯಮ ಒಂದೇ: ಸಂಕೇತದ ಕುರಿತ ಪ್ರತಿ ಹೇಳಿಕೆಯ ಪಕ್ಕದಲ್ಲೂ ಅದು ವೀಡಿಯೊದ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿದೆ ಮತ್ತು ಆಗ ಯಾವ ವಾದ್ಯ ಕೇಳಿಸುತ್ತಿದೆ ಎಂಬುದನ್ನು ಬರೆಯಬೇಕು. ಇದರ ಬಗ್ಗೆ ಗೊಣಗಾಟ ಇದ್ದೇ ಇದೆ. ಅದೇ ಪಟ್ಟೆಗಳ ವೀಡಿಯೊದಲ್ಲಿ ವಾದ್ಯ ನಿಂತ ಮೇಲೂ ಬಿಳಿ ತೆರೆಯೊಂದು ಕೆಲ ಕ್ಷಣ ಉಳಿಯುತ್ತದೆ. ಒಬ್ಬರು ಅದನ್ನು ಬಣ್ಣ ತೊಳೆದ ಮೈ ಎಂದೂ, ಇನ್ನೊಬ್ಬರು ಎಡಿಟರ್ ಮರೆತು ಬಿಟ್ಟ ಫ್ರೇಮುಗಳೆಂದೂ ಬರೆದರು. ಇಬ್ಬರೂ ಸಮಯವನ್ನು ಸರಿಯಾಗಿ ನಮೂದಿಸಿದ್ದರಿಂದ ಇಬ್ಬರಿಗೂ ಪೂರ್ಣ ಅಂಕ ಕೊಟ್ಟೆ. ವೀಡಿಯೊ ಮಾಡಿದ ಹುಡುಗ ಮಾತ್ರ ಯಾವುದು ಸರಿ ಎಂದು ಇನ್ನೂ ಬಾಯಿ ಬಿಟ್ಟಿಲ್ಲ.